ಹುಮನಾಬಾದಿನ್ಯಾಗ ಪಾಸ್, ಕಲ್ಯಾಣದಾಗ ಫೇಲ್

ದೋಸ್ತರೇ, ಇವತ್ತ ನನ್ನ ತಲಿ ಕೆಟ್ಟು ಗೊಬ್ಬರ ಆಗ್ಯದ. ಕಾರಿನ ಕುಲುಕಾಟ ತಡಿಯೋ ಒಂದೇ ಜೋಡಿ ಹಳೇ ಶಾಕಬ್ಸರ್ ಹುಮನಾಬಾದಿನ್ಯಾಗ ಪಾಸಾಗಿ ಬಸವಕಲ್ಯಾಣದಾಗ ಫೇಲಾದ್ವು.

ನಮ್ಮ ಕಾರು ಕುಣಿದು ಕುಣಿದು ಅವ್ವನ ಸೊಂಟ ಹಿಡದದ, ಅದಕ್ಕ ಇವನ್ನ ತರಾಕ ಹುಮನಾಬಾದಿಗೆ ಹೋಗಿದ್ದೆ. ಅಲ್ಲಿ ಗುಜರಿ ಅಂಗಡಿ ರಫೀಕ್ ಭಾಯ್ ಎರಡನ್ನೂ ನೆಟ್ಟಗ ನಿಲ್ಲಿಸಿ ರಾಡ್ ಒತ್ತಿ ತೋರಿಸಿದ. ಬಿಗಿಯಾಗಿ, ನಿಧಾನಕ್ಕ ಇಳಿದ್ವು. ಡಿಕ್ಕ್ಯಾಗ ಮಲಗಿಸಿ ತಂದೆ. ಇಲ್ಲಿ ಕಲ್ಯಾಣದಾಗ ನಮ್ಮ ಮೆಕ್ಯಾನಿಕ್ ಶರಣಪ್ಪ ಒಮ್ಮೆ ಒತ್ತಿದ, ರಾಡ್ ಸಳಕ್ಕನೆ ಒಳಗ ಹೋತು.

"ಸತ್ತಾವ್ರಿ ಇವು. ಫಿಟ್ ಮಾಡಂಗಿಲ್ಲ. ವಾಪಸ್ ಕೊಟ್ಟು ಬರ್ರಿ."

ವಾಪಸ್ ಒಯ್ದೆ. ರಫೀಕ್ ಭಾಯ್ ನಿಲ್ಲಿಸಿ ನಾಕೈದು ಸಲ ಒತ್ತಿದ, ಮತ್ತ ಬಿಗಿ. ನಾನೇ ಒತ್ತಿದೆ, ಖರೇನೇ ಬಿಗಿ.

"ಮಲಗಿಸಿ ಒಯ್ದಿರೇನ್ರಿ? ಒಳಗಿನ ಎಣ್ಣ್ಯಾಗ ಹವಾ ಸೇರ್ತದ, ನಿಲ್ಲಿಸಿ ಒತ್ತಿದ್ರ ಹೋಗ್ತದ. ನಿಲ್ಲಿಸಿಕೊಂಡು ಒಯ್ರಿ."

ಮಲಗಿದ್ರ ಸಾಯೋದು, ನಿಂತ್ರ ಬದುಕೋದು, ಇದ್ಯಾವ ಸಾಮಾನೋ ನನಗಂತೂ ತಿಳೀಲಿಲ್ಲ. ಎರಡನ್ನೂ ಮುಂದಿನ ಸೀಟಿನ್ಯಾಗ ನಿಲ್ಲಿಸಿ ಬೆಲ್ಟ್ ಕಟ್ಟಿದೆ. ಮುಂಜಾನೆ ದರ್ಶನಕ್ಕಂತ ಅಲ್ಲೇ ಬಾಜೂಕಿನ ಮಾಣಿಕನಗರದಾಗ ಇಳಿಸಿದ್ದ ಅವ್ವನ್ನ ಹಿಂದ ಕೂಡಿಸಿಕೊಂಡೆ.

"ಸೊಂಟ ನಂದು ನೋಯಾಕತ್ತದ, ಬೆಲ್ಟ್ ಇವಕ್ಕೇನೋ?" ಅಂದ್ಳು. ಗಾಡಿ ಕಲ್ಯಾಣಕ್ಕ ಹೊಡದೆ.

ಶರಣಪ್ಪ ನಿಂತಿದ್ದಂಗೇ ಎತ್ತಿ ಒತ್ತಿ ನೋಡ್ದ. ಬಿಗಿ. ಅವನ ಮಾರಿ ಅರಳ್ತು.

"ಇವು ಮಾಲ್ ಅಂದ್ರ ಮಾಲ್ ನೋಡ್ರಿ. ಆ ಸತ್ತ ಜೋಡಿ ಬದಲಿಸಿಕೊಂಡು ಬಂದ್ರಲ್ಲ, ಚೊಲೋ ಆತು."

ಅವ್ವ ಹಿಂದಿನ ಸೀಟಿನ್ಯಾಗ ಸೊಂಟ ಹಿಡ್ಕೊಂಡು ನನ್ನ ಮಾರಿನೇ ನೋಡಾಕತ್ತಿದ್ಳು. ನಾನು "ಹೌದ್ರಿ" ಅಂದೆ.