ಹುಣಸೆ ನೀರಿನಲ್ಲಿ ಕರಡಿಯ ದವಡೆ

ಇವತ್ತು ಬೆಳಿಗ್ಗೆ ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕುಳಿತಿದ್ದೆ. ಹಿತ್ತಾಳೆಗೆ ಹುಣಸೆ ತಾಗಿದಾಗ ಏಳುವ ಆ ಹುಳಿ ವಾಸನೆ ನಿಮಗೂ ಗೊತ್ತಿರುತ್ತದೆ. ಬೇರೆಯವರಿಗೆ ಅದರಿಂದ ಹಬ್ಬ ನೆನಪಾಗಬಹುದು. ನನಗೆ ಕರಡಿ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಹೊಸಪೇಟೆಯ ನಮ್ಮ ಮನೆಯಲ್ಲಿ ಮಡಿ ಎಂದರೆ ಮಡಿ. ಅಜ್ಜಿ ಸ್ನಾನ ಮುಗಿಸಿ ಬಂದರೆ ನಾವೆಲ್ಲ ಗೋಡೆಗೆ ಅಂಟಿಕೊಂಡು ಸರಿಯುತ್ತಿದ್ದೆವು. ಅಂಥ ಅಜ್ಜಿಯ ಮಗಳು, ನನ್ನ ಸೋದರತ್ತೆ, ಜೀವನವಿಡೀ ಹುಡುಕಿದ್ದು ಕಲ್ಲಾಗಿ ಹೋದ ಎಲುಬುಗಳನ್ನು. ದರೋಜಿಯ ಕರಡಿಗಳನ್ನು ನೀವು ನೋಡಿರಬಹುದು. ಅವುಗಳ ಮೇಲ್ದವಡೆಯಲ್ಲಿ ನಟ್ಟನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರೆಂದು ಹೀರುತ್ತವೆ. ಆ ಹಲ್ಲುಗಳು ಯಾವ ಕಾಲಕ್ಕೆ ಹೋದವು? ಅತ್ತೆಗೆ ತಿಳಿಯಬೇಕಾಗಿದ್ದದ್ದು ಇಷ್ಟೇ. ಇದಕ್ಕಾಗಿ ಆಂಧ್ರದ ಕಡೆಯ ಸುಣ್ಣಕಲ್ಲಿನ ಗವಿಗಳಲ್ಲೆಲ್ಲ ತೆವಳಿ ಬಂದಿದ್ದಳು. ನನ್ನ ಪ್ರಾಣಿಶಾಸ್ತ್ರವೋ, ಜಿರಲೆಯ ಚಿತ್ರ ಬಿಡಿಸುವಲ್ಲಿಗೆ ಮುಗಿದಿತ್ತು. ಅದಕ್ಕೂ ಕಾಲು ಹೆಚ್ಚಾಗಿದ್ದವು.

ಕಡೆಗೊಮ್ಮೆ ಗವಿಯೊಂದರಲ್ಲಿ ಬಲು ಹಳೆಯ ಕರಡಿಯ ಮೇಲ್ದವಡೆಯ ತುಂಡು ಸಿಕ್ಕಿತು. ಆದರೆ ಮುಂಭಾಗ, ನೋಡಬೇಕಾದ ಜಾಗವೇ, ಸುಣ್ಣದ ಗಟ್ಟಿ ಹೆಪ್ಪಿನೊಳಗೆ ಹೂತುಹೋಗಿತ್ತು. ಕೆರೆದರೆ ಎಲುಬೇ ಮುರಿದೀತೆಂಬ ಹೆದರಿಕೆ. ಇನ್ನೊಂದು ಸಿಗುವ ಭರವಸೆಯಿರಲಿಲ್ಲ. ರಜೆಗೆ ಬರುವಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಹಿತ್ತಲ ಕಟ್ಟೆಯ ಮೇಲಿಟ್ಟಳು.

“ಏನದು?” ಎಂದಳು ಅಜ್ಜಿ.

“ಕಲ್ಲವ್ವಾ. ಗವಿಯೊಳಗಿಂದು.”

ಸುಳ್ಳೇನಲ್ಲ. ಆದರೆ ನಮ್ಮ ಅಜ್ಜಿ ಕೊಳಕು ಕಲ್ಲನ್ನೂ ಸಹಿಸುವವಳಲ್ಲ. ಅಂದು ಸಂಜೆ ದೇವರ ಪಾತ್ರೆ ತಿಕ್ಕಿ ಉಳಿದ ಹುಣಸೆ ನೀರಿನಲ್ಲಿ ಅದನ್ನೂ ಮುಳುಗಿಸಿಟ್ಟು ಮಲಗಿದಳು.

ಬೆಳಿಗ್ಗೆ ಅತ್ತೆ ಕಂಡಾಗ, ಒಳಗಿನ ಕತ್ತಲ ಮೂಲೆಯಲ್ಲಿದ್ದ ಬೋಗುಣಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. “ಅವ್ವಾ, ಏನ ಮಾಡಿದಿ, ಅದು ಕರಡಿ ಎಲುಬು” ಎಂದುಬಿಟ್ಟಳು. ದೇವರ ಹುಣಸೆ ನೀರಿನಲ್ಲಿ ಎಲುಬು. ಅಜ್ಜಿ ಸ್ನಾನಕ್ಕೆಂದು ನೆಟ್ಟಗೆ ಬಚ್ಚಲಿಗೆ ನಡೆದಳು.

ಅತ್ತೆ ದವಡೆಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ಹಿಂದಿನ ಅಂಚೊಂದು ಪುಡಿಯಾಗಿತ್ತು. ಅತ್ತುಬಿಡುತ್ತಾಳೆಂದು ನನಗೆ ಭಯವಾಯಿತು. ಆದರೆ ಮುಂಭಾಗದ ಹೆಪ್ಪು ಮೆತ್ತಗಾಗಿ, ಬ್ರಷ್ ಆಡಿಸಿದಂತೆಲ್ಲ ಸರಿಯತೊಡಗಿತು. ಅಕ್ಕಪಕ್ಕದ ಹಲ್ಲುಗಳ ಗುಳಿಗಳು ಕಂಡವು. ನಡುವೆ ಗುಳಿಯೇ ಇಲ್ಲ, ಬರೀ ನುಣ್ಣನೆಯ ಎಲುಬು.

“ಇದಕ್ಕೂ ಇಲ್ಲ ನೋಡು. ಆಗಲೇ ಹೋಗ್ಯಾವ” ಎಂದು ಪಿಸುಗುಟ್ಟಿದಳು. ಅದು ಸಂತೋಷವೋ ನಿರಾಸೆಯೋ ನನಗೆ ತಿಳಿಯಲಿಲ್ಲ. ಅವಳ ಪ್ರಶ್ನೆ ಇನ್ನೂ ಹಿಂದಿನ ಕಾಲಕ್ಕೆ ಸರಿದಿತ್ತು.

ಬೆನ್ನ ಹಿಂದೆ ನೀರು ತೊಟ್ಟಿಕ್ಕುವ ಸದ್ದಾಯಿತು. ಅಜ್ಜಿ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಬಂದು ನಿಂತಿದ್ದಳು. ಅವಳ ಮುಂದಿನ ಹಲ್ಲುಗಳೂ ಹೋಗಿದ್ದವು. ಅಡುಗೆಮನೆಯಲ್ಲಿ ಸಾರು ಹೀರಿದರೆ ಪಡಸಾಲೆಗೆ ಕೇಳುತ್ತಿತ್ತು. ಬಗ್ಗಿ ಬಹಳ ಹೊತ್ತು ನೋಡಿದಳು.

“ಹಲ್ಲು ಹೋದ್ವಂತ ಗೆದ್ದಲ ತಿನ್ಲಿಕ್ಕೆ ಹತ್ತಿತೋ, ಗೆದ್ದಲ ತಿಂದು ತಿಂದು ಹಲ್ಲು ಬ್ಯಾಡಾದ್ವೋ?”

“ಅದೊಂದು ನನಗೂ ಗೊತ್ತಿಲ್ಲವ್ವಾ.”

“ಕತ್ತಲಾಗ ಹಿಡಕೊಂಡು ಕುಂತ್ರ ಹೆಂಗ ಗೊತ್ತಾಗ್ತದ? ಕೊಡಿಲ್ಲೆ” ಎಂದು, ನಾನು ನೋಡನೋಡುತ್ತಿದ್ದಂತೆ, ಆ ಎಲುಬನ್ನು ಮಡಿಗೈಯಲ್ಲೇ ಇಸಿದುಕೊಂಡು ಬಿಸಿಲಿಗೆ ಹೋದಳು. ಮಗಳು ಹಿಂದೆಯೇ ಹೋದಳು. ತಲೆಗೆ ತಲೆ ತಾಗಿಸಿ ಇಬ್ಬರೂ ಕುಳಿತರು. ಅವರನ್ನು ಹಾಗೆ ಒಟ್ಟಿಗೆ ನಾನು ಅದುವರೆಗೆ ಕಂಡಿರಲಿಲ್ಲ.

ಅಜ್ಜಿ ಈಗಿಲ್ಲ. ಅತ್ತೆ ಅದಕ್ಕಿಂತಲೂ ಹಳೆಯ ದವಡೆಯೊಂದನ್ನು ಹುಡುಕುತ್ತಲೇ ಇದ್ದಾಳೆ. ಇವತ್ತು ದೀಪ ತಿಕ್ಕಿದ ನೀರನ್ನು ಚೆಲ್ಲಲು ಎದ್ದ ನಾನು, ಅಂಗಳದ ಸುಣ್ಣಕಲ್ಲಿನ ಚೂರೊಂದನ್ನು ಅದರಲ್ಲಿ ಹಾಕಿ ಮತ್ತೆ ಕುಳಿತೆ. ಗುಳ್ಳೆಗಳು ಏಳುತ್ತಿವೆ. ಪೂಜೆಗೆ ತಡವಾಯಿತೆಂದು ಒಳಗಿನಿಂದ ಕರೆಯುತ್ತಿದ್ದಾರೆ. ಆಗಲಿ ಬಿಡಿ. ಆವತ್ತು ಎಲುಬು ಮುಟ್ಟಿದ ಅಜ್ಜಿಯ ಎರಡನೆಯ ಸ್ನಾನ ಆದದ್ದು ಮಧ್ಯಾಹ್ನ ತಿರುಗಿದ ಮೇಲೆ.