ನಾನು ಕೊಟ್ಟ ನೆಗೆಟಿವ್ ರಿಪೋರ್ಟು

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಟೆಕ್ನೀಷಿಯನ್. ಆಗ ನನಗಿದ್ದ ಕೊಬ್ಬು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಯಾರಾದರೂ ಜ್ವರಕ್ಕೆ ದೃಷ್ಟಿ, ಗಾಳಿ, ಅಮ್ಮ ಅಂದರೆ ಸಾಕು, ಮೈಯೆಲ್ಲ ಉರಿದುಹೋಗುತ್ತಿತ್ತು.

ಅಕ್ಕನ ಮನೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ. ಅವಳ ಒಬ್ಬಳೇ ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ರಜೆಗೆ ಆಯನೂರಿನ ಸೋದರತ್ತೆ ಮನೆಗೆ ಹೋದವಳು ದನಗಳ ಹಿಂದೆ ಅಲೆದು, ಕಿವಿಯ ಹಿಂದೆ ಒಂದು ಉಣುಗು ಕಚ್ಚಿಸಿಕೊಂಡು ಬಂದಳು. ರಕ್ತ ಕುಡಿದು ಉಬ್ಬಿದ್ದ ಅದನ್ನು ಅಕ್ಕ ಕಿತ್ತು ಬಿಸಾಕಿದಳು. ವಾರದೊಳಗೆ ಮಗುವಿಗೆ ಮೈ ಸುಡುವ ಜ್ವರ.

ನಾಲ್ಕನೇ ದಿನ ನಾನೇ ಹೋಗಿ ರಕ್ತ ತೆಗೆದೆ. ಮಣಿಕಟ್ಟು, ಪಾದದ ಗಿಣ್ಣಿನ ಹತ್ತಿರ ಕೆಂಪು ಚುಕ್ಕೆಗಳು ಆಗ ತಾನೇ ಏಳುತ್ತಿದ್ದವು. ಅಷ್ಟಕ್ಕೇ ಅಕ್ಕ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಳು. ಮನೆಗೆ ಅಮ್ಮ ಬಂದಿದ್ದಾಳೆ ಅಂತ ಒಗ್ಗರಣೆ ಇಲ್ಲ, ಮಾತ್ರೆ ಇಲ್ಲ. ನಾನು ಕೂಗಾಡಿದೆ. ಇದು ಉಣುಗಿನ ಜ್ವರ ಇದ್ದರೂ ಇರಬಹುದು, ಟೆಸ್ಟಾಗಲಿ, ಆಮೇಲೆ ನಿನ್ನ ಅಮ್ಮನ ವಿಚಾರ ಅಂದೆ.

ಅವತ್ತು ಸಂಜೆಯೇ ಟೆಸ್ಟು ನೆಗೆಟಿವ್ ಬಂತು. ಅವರ ಪಕ್ಕದ ಮನೆಗೆ ಫೋನ್ ಮಾಡಿ ಅಕ್ಕನನ್ನು ಕರೆಸಿದೆ.

“ಉಣುಗಿನ ಜ್ವರ ಅಲ್ಲ. ಸುಮ್ನೆ ಹೆದರ್ಬೇಡ.”

“ಹಂಗಾದ್ರೆ ಅಮ್ಮನೇ ಬಿಡು.”

“ಏನಾದ್ರೂ ಮಾಡ್ಕೊ ಮಾರಾಯ್ತಿ!” ಎಂದು ಫೋನ್ ಕುಕ್ಕಿದೆ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಅಕ್ಕ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಮಗು. ಅಮ್ಮ ಬಂದ ಮಗುವನ್ನು ಹೊಸ್ತಿಲು ದಾಟಿಸಬಾರದು ಅನ್ನುವವಳು ಬಸ್ಸು ಹತ್ತಿ ಬಂದಿದ್ದಾಳೆ!

“ಇದು ಅಮ್ಮ ಅಲ್ಲ ಕಣೇ. ಅಮ್ಮ ಆದ್ರೆ ಎದೆ, ಬೆನ್ನಲ್ಲಿ ಮೊದ್ಲು ಏಳುತ್ತೆ, ನೀರು ತುಂಬುತ್ತೆ. ಇದು ಕೈಕಾಲಿಂದ ಶುರುವಾಗಿದೆ. ಒಂದಕ್ಕೂ ನೀರಿಲ್ಲ ನೋಡು.”

ಮಗುವಿನ ಅಂಗೈ ಬಿಡಿಸಿದಳು. ಅಂಗೈ, ಅಂಗಾಲು ತುಂಬ ಚುಕ್ಕೆ. ಚಿಕ್ಕಮ್ಮ ಬಂದಿದೀನಿ ಪುಟ್ಟಿ ಅಂದರೆ ಅದಕ್ಕೆ ನನ್ನ ಗುರುತೇ ಹತ್ತಲಿಲ್ಲ.

ಹತ್ತಿರದ ನರ್ಸಿಂಗ್ ಹೋಮಿನ ಹಿರಿಯ ಡಾಕ್ಟರು ಅಂಗೈ ನೋಡಿದವರೇ ಉಣುಗಿನ ಜ್ವರವೇ ಎಂದು ಅಡ್ಮಿಟ್ ಮಾಡಿಸಿ, ಯಾವ ಟೆಸ್ಟಿಗೂ ಕಾಯದೆ ಔಷಧಿ ಶುರು ಮಾಡಿದರು. “ಸಾರ್, ನೆಗೆಟಿವ್ ಬಂದಿತ್ತು” ಅಂದೆ, ತಡೆಯಲಾರದೆ.

“ಎಷ್ಟನೇ ದಿನ ಮಾಡ್ದೆ?”

“ನಾಲ್ಕನೇ ದಿನ.”

“ನಿನ್ನ ಟೆಸ್ಟು ರೋಗಾಣುನ ಹುಡುಕಲ್ಲಮ್ಮ, ಅದರ ವಿರುದ್ಧ ಮೈ ತಯಾರು ಮಾಡೋ ಪ್ರತಿಕಾಯನ ಹುಡುಕುತ್ತೆ. ಈ ಕಳ್ಳ ರಕ್ತನಾಳದ ಒಳಗೋಡೆಯ ಜೀವಕೋಶಕ್ಕೇ ನುಗ್ಗಿ ಕೂರ್ತಾನೆ. ಜೀವಕೋಶ ಅವನನ್ನ ಚೀಲದಲ್ಲಿ ಸುತ್ತಿ ಅರಗಿಸೋದ್ರೊಳಗೆ ಚೀಲ ಹರಿದು ಆಚೆ ಬಂದು, ಅಲ್ಲೇ ಸಂಸಾರ ಹೂಡ್ತಾನೆ. ಪ್ರತಿಕಾಯ ಟೆಸ್ಟಿಗೆ ಸಿಗೋ ಹೊತ್ತಿಗೆ ವಾರ ಆಗಿರುತ್ತೆ. ಅಷ್ಟರಲ್ಲಿ ನಾಳಗಳು ಸೋರೋಕೆ ಶುರು. ಓದಿಲ್ವಾ ಇದನ್ನ?”

ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ.

ಮುಂದಿನ ಎರಡು ದಿನ ನಾನು ಲ್ಯಾಬಿಗೆ ಹೋಗಲಿಲ್ಲ. ನರ್ಸು ಬಿಪಿ ನೋಡುವಾಗಲೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಸಲ ಅವಳು ಡಾಕ್ಟರನ್ನು ಕರೆಯಲು ಓಡಿದಳು. ದೇವರನ್ನು ನಂಬದ ನಾನು ಆಗ ಯಾರ್ಯಾರನ್ನು ಬೇಡಿಕೊಂಡೆನೋ. ಅಕ್ಕ ಮಾತ್ರ ಮಗುವಿನ ಪಾದ ಹಿಡಿದುಕೊಂಡು ಕೂತೇ ಇದ್ದಳು.

ಮೂರನೇ ದಿನ ಬೆಳಿಗ್ಗೆ ಜ್ವರ ಇಳಿಯಿತು. ಮಗು ಕಣ್ಣು ಬಿಟ್ಟು “ಅಮ್ಮ, ನೀರು” ಅಂದಿತು. ನಾನು ಕಾರಿಡಾರಿಗೆ ಹೋಗಿ ಗೋಳೋ ಅಂತ ಅತ್ತೆ. ಹಿಂದೆಯೇ ಬಂದ ಅಕ್ಕನ ಕೈ ಹಿಡಿದು ತಪ್ಪಾಯ್ತು ಅಂದೆ. ಬೈತಾಳೆ ಅಂತಿದ್ದೆ. ಬೈಯಲಿಲ್ಲ.

“ಐದನೇ ದಿನಾನೇ ನಂಗೆ ಗೊತ್ತಾಯ್ತು ಕಣೇ, ಇದು ಅಮ್ಮ ಅಲ್ಲ ಅಂತ” ಅಂದಳು. “ಆದ್ರೆ ನೀನು ಓದಿದೋಳು. ಉಣುಗಿನ ಜ್ವರ ಅಲ್ಲ, ಹೆದರ್ಬೇಡ ಅಂತ ನೀನು ಹೇಳಿದ್ದೀಯಲ್ಲ ಅಂತ ಇನ್ನೊಂದಿನ ಕಾದೆ.”