ಮುಚ್ಚಳದ ಬೂದಿಡಬ್ಬಿ

ನಾನು ಸಿರುಗುಪ್ಪದಿಂದ ಬಳ್ಳಾರಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆಯವರು ಸೀಮೆಎಣ್ಣೆಯ ಖಾಲಿ ಡಬ್ಬಿಗಳನ್ನು ಕತ್ತರಿಸಿ ಬುಡ್ಡಿದೀಪ, ಸೇರು, ಪಾವು ಮಾಡಿ ಮಾರುತ್ತಿದ್ದರು. ದಂಡಿನ ಬಿಳಿ ದೊರೆಗಳ ಬಂಗಲೆಗಳಿಂದಲೂ ದುರಸ್ತಿಗೆ ಸಾಮಾನು ಬರುತ್ತಿತ್ತು. ಒಂದು ಸಲ ಅಲ್ಲಿಯ ಬಟ್ಲರ್ ಒಬ್ಬ ತುಕ್ಕು ತಿಂದ ತಗಡಿನ ತಟ್ಟೆಯನ್ನೂ ಗಿಡ್ಡ ಹಿಡಿಕೆಯ ಸಲಿಕೆಯನ್ನೂ ತಂದುಕೊಟ್ಟ. ದೊರೆಗಳ ಅಡುಗೆಮನೆಯಲ್ಲಿ ಬೂದಿ ತಾನಾಗಿ ಈ ತಟ್ಟೆಗೆ ಬೀಳುತ್ತದಂತೆ, ಎಳೆದು ಚೆಲ್ಲಿದರಾಯಿತಂತೆ.

ನಮ್ಮ ಮನೆಯವರು ಅದನ್ನು ದುರಸ್ತಿ ಮಾಡಿ ಕಳಿಸಿದ ಮೇಲೆ ಅಂಥದೇ ಒಂದನ್ನು ನಮ್ಮ ಒಲೆಗೂ ಮಾಡಿದರು. ಒಲೆಯ ಕಲ್ಲುಗಳ ನಡುವೆ ಕಬ್ಬಿಣದ ಸರಳು, ಅದರ ಕೆಳಗೆ ತಟ್ಟೆ, ಒಂದು ಸಲಿಕೆ, ಬೂದಿ ತುಂಬಿ ಹಿತ್ತಲಲ್ಲಿಡಲು ಮುಚ್ಚಳವಿದ್ದ ಡಬ್ಬಿ. ಅಲ್ಲಿಯವರೆಗೆ ನಾನು ಒಲೆಯೊಳಗೆ ತಲೆ ತೂರಿಸಿ ತೆಂಗಿನ ಚಿಪ್ಪಿನಿಂದ ಬೂದಿ ಬಳಿಯುತ್ತಿದ್ದೆ. ಕಣ್ಣು, ಮೂಗು, ಸೆರಗು ಎಲ್ಲ ಬೂದಿ. ಅದು ಹಾರಿದರೆ ಅತ್ತೆಗೆ ಉಬ್ಬಸ ಏಳುತ್ತಿತ್ತು. ಈಗ ರಾತ್ರಿಯ ಅಡುಗೆ ಮುಗಿಯುತ್ತಲೇ ತಟ್ಟೆ ಎಳೆದು ಡಬ್ಬಿಗೆ ಸುರಿದರೆ ಕೆಲಸ ಮುಗಿಯಿತು.

ಅತ್ತೆಗೆ ಮಾತ್ರ ಇದು ಸರಿಬರಲಿಲ್ಲ. ಹಾಲಿನವಳು ಹೋದ ಮೇಲೆ ಹಾಲಿಗೆ ಬೆರಳಿಟ್ಟು ನೋಡುವ, ಬೀಗ ಹಾಕಿದ ಮೇಲೆ ಮತ್ತೊಮ್ಮೆ ಜಗ್ಗಿ ನೋಡುವ ಹೆಂಗಸು ಅವರು.

"ಬೂದಿಗೆ ಮುಚ್ಚಳ ಯಾಕಲೇ? ಅದೇನು ತುಪ್ಪ ಐತೇನು?" ಎಂದು ಮಗನನ್ನು ಕೇಳಿದರು.

"ಗಾಳಿಗೆ ಹಾರಬಾರದು ಅಂತವಾ. ನಿನ್ನ ಉಬ್ಬಸಕ್ಕ ಮಾಡೀನಿ," ಎಂದರು ಇವರು. ಅತ್ತೆ ಮುಚ್ಚಳವನ್ನು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

ನಮ್ಮ ಗೋಡೆಯಾಚೆ ನಮ್ಮ ಕುಲದವಳೇ ಆದ ಒಬ್ಬ ಮುದುಕಿ ಒಂಟಿಯಾಗಿದ್ದಳು. ಊರು ಕುರುಗೋಡು. ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಬೆಳಗಾಗುತ್ತಲೇ ಒಡೆದ ಮಡಕೆಯ ಚೂರು ಹಿಡಿದು ನಮ್ಮಲ್ಲಿಗೆ ಕೆಂಡಕ್ಕೆ ಬರುವುದು ಅವಳ ರೂಢಿ. ಮೊದಲೆಲ್ಲ ಒಲೆಯ ಬೂದಿಯಡಿ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತಿತ್ತು. ಈಗ ರಾತ್ರಿಯೇ ಎಲ್ಲ ಬಳಿದು ಹಾಕುತ್ತಿದ್ದುದರಿಂದ ಒಲೆ ತಣ್ಣಗಿರುತ್ತಿತ್ತು. ನಮಗೆ ಅಂಗಡಿಯ ಬೆಂಕಿಪೆಟ್ಟಿಗೆ ಇತ್ತು, ನಡೆಯುತ್ತಿತ್ತು.

"ಕೆಂಡ ಇಲ್ಲ ದೊಡ್ಡವ್ವ, ಆರೈತಿ," ಎಂದು ನಾನು ಕೆಲವು ದಿನ ಹೇಳಿ ಕಳಿಸಿದೆ. ಅವಳು ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೋಗುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಬಾವಿಕಟ್ಟೆಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದಳು.

ಅದೇ ಹೊತ್ತಿಗೆ ಡಬ್ಬಿಯ ಬೂದಿ ಕಡಿಮೆಯಾಗತೊಡಗಿತು. ಪಾತ್ರೆ ತಿಕ್ಕಲು ಬೆಳಿಗ್ಗೆ ಡಬ್ಬಿ ತೆರೆಯುವವರು ಅತ್ತೆ. ಒಂದು ದಿನ ನನ್ನನ್ನು ಕರೆದು ತೋರಿಸಿದರು. ಬೂದಿಯ ನಡುವೆ ಯಾರೋ ಕೈಹಾಕಿ ತೆಗೆದಂತೆ ಗುಳಿ ಬಿದ್ದಿತ್ತು. ಮರುದಿನವೂ ಹಾಗೆಯೇ.

"ಬಸುರಿ ಇರೋ ಮನಿ ಒಲಿ ಬೂದಿ ಮಾಟ ಮಾಡೋರಿಗಲ್ದ ಮತ್ಯಾರಿಗೆ ಬೇಕಾಗತೈತಿ, ನೀನ ಹೇಳು," ಎಂದರು ದನಿ ತಗ್ಗಿಸಿ.

ಆಗ ನಾನು ಗರ್ಭಿಣಿ. ಮೊದಲಿನ ಬಸಿರು ಒಮ್ಮೆ ತವರು ಸಿರುಗುಪ್ಪಕ್ಕೆ ಹೋಗಿ ಬಂಡಿಯಲ್ಲಿ ಮರಳುವಾಗ ಕುಲುಕಾಟಕ್ಕೆ ಹೋಗಿತ್ತು. ಅತ್ತೆಗೆ ಮುನಿಸಿಕೊಂಡ ಮುದುಕಿಯ ಮೇಲೇ ಗುಮಾನಿ; ಅವರು ಸುಮ್ಮನೆ ಕೂರಲಿಲ್ಲ. ಕುರುಗೋಡಿನಿಂದ ಮೆಣಸಿನಕಾಯಿ ಮಾರಲು ಬರುವವಳನ್ನು ಹಿಡಿದು ವಿಚಾರಿಸಿದರು. ಮುದುಕಿ ಹೆತ್ತ ಮಕ್ಕಳೆಲ್ಲ ತೊಟ್ಟಿಲಲ್ಲೇ ತೀರಿಕೊಂಡಿದ್ದರೆಂದು ಅವಳು ಹೇಳಿದಳು. ಅತ್ತೆಗೆ ಅಷ್ಟು ಸಾಕಾಯಿತು.

"ನಾಡದು ಬಂಡಿ ಕಟ್ಟಸ್ತೀನಿ. ಹಡಿಯೋತನಕ ನಿಮ್ಮವ್ವನ ಮನ್ಯಾಗ ಇರು."

ಮತ್ತೆ ಬಂಡಿ ಹತ್ತಲು ನನಗೆ ಭಯ. ಇಲ್ಲೇ ಇರುತ್ತೇನೆ ಎನ್ನಲೂ ಧೈರ್ಯವಿರಲಿಲ್ಲ. ಗೋಡೆಯಾಚೆ ಮುದುಕಿ ಕೆಮ್ಮಿದರೆ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಅವಳು ನನ್ನನ್ನು ನೋಡುತ್ತಿದ್ದ ರೀತಿಯೆಲ್ಲ ನೆನಪಾಗಿ ಒಂದೊಂದಕ್ಕೂ ಕೆಟ್ಟ ಅರ್ಥವೇ ಹೊಳೆಯುತ್ತಿತ್ತು. ಏನೇ ಇರಲಿ, ಕಣ್ಣಾರೆ ನೋಡದೆ ಬಂಡಿ ಹತ್ತಬಾರದು ಎಂದುಕೊಂಡೆ.

ಮರುದಿನ ಮಸೀದಿಯಲ್ಲಿ ಬೆಳಗಿನ ಬಾಂಗು ಆಗುವಾಗಲೇ ಎದ್ದು ಹಿತ್ತಲ ಬಾಗಿಲ ಸಂದಿಯಲ್ಲಿ ನಿಂತೆ. ಬಾನು ಬೆಳ್ಳಗಾಗುತ್ತಿತ್ತು. ಮುದುಕಿ ಕುಸಿದ ಗೋಡೆಯ ತಗ್ಗಿನಿಂದ ದಾಟಿ ಬಂದಳು. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸದ್ದಾಗದಂತೆ ಮುಚ್ಚಳ ತೆಗೆದು, ಕಡ್ಡಿಯಿಂದ ಬೂದಿ ಕೆದಕಿದಳು. ಬಾಗಿ ಊದಿದಳು. ಅವಳ ಮುಖದ ಮೇಲೆ ಸಣ್ಣ ಕೆಂಪು ಬೆಳಕು ಬಿತ್ತು.

ನಾನು ಬಾಗಿಲು ತೆಗೆದೆ. "ಏನ್ ಮಾಡಾಕತ್ತೀರಿ ದೊಡ್ಡವ್ವ?"

ಅವಳು ಏಳಲಿಲ್ಲ. "ಕೆಂಡ ತಗೊಳ್ಳಾಕ ಬಂದೀನಿ. ನಿಮ್ಮನ್ನ ಕೇಳಿದ್ರ ಇಲ್ಲ ಅಂತೀರಿ. ಇಲ್ಲಿ ನೋಡಿದ್ರ ದಿನಾ ಇರತೈತಿ."

ಡಬ್ಬಿಗೆ ಸುರಿದ ಬೂದಿಯಲ್ಲಿ, ಮುಚ್ಚಳದಡಿ, ಕೆಂಡ ಉಳಿದಿರುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

"ನೀ ಬಸುರಿ ಆದಿ, ಇನ್ನ ಮಕ್ಕಳ ಕಳಕೊಂಡ ನನ್ನ ಕಾಲು ನಿಮ್ಮ ಮನ್ಯಾಗ ಬೀಳಬಾರದು ಅಂತ ನಿಮ್ಮತ್ತಿ ಒಲಿ ತಣ್ಣಗ ಮಾಡಿ ಇಡತಾಳ ಅಂದ್ಕೊಂಡೆ," ಎಂದಳು.

ಮಾತು ಕೇಳಿ ಅತ್ತೆ ಬಂದರು. "ಕೆಂಡಕ್ಕ ಬಂದಾಕಿ ಬೂದಿ ಯಾಕ ಒಯ್ತಿ?"

"ಮ್ಯಾಲೆ ಬೂದಿ ಮುಚ್ಚಲಿಲ್ಲ ಅಂದ್ರ ನಮ್ಮ ಒಲಿ ಮುಟ್ಟೂದ್ರಾಗ ಆರತೈತಿ," ಎಂದು ಮುದುಕಿ ಮಡಕೆಚೂರನ್ನು ಮುಂದೆ ಹಿಡಿದಳು. ಒಂದು ಹಿಡಿ ಬೂದಿ, ಅದರೊಳಗೆ ಅಡಿಕೆಯಷ್ಟು ಕೆಂಡ. ಅತ್ತೆ ಬಾಗಿ ಬಹಳ ಹೊತ್ತು ನೋಡಿದರು. ಅದನ್ನು ಒಯ್ಯಲು ಬಿಟ್ಟರು. ಬಂಡಿಯ ಮಾತು ಮತ್ತೆ ಎತ್ತಲಿಲ್ಲ.

ನಮ್ಮ ಮನೆಯವರು ಸಂಗತಿ ಕೇಳಿ ಸಲಿಕೆಗೆ ಮೊಳೆ ಬಡಿದು ತೂತು ಮಾಡಿಕೊಟ್ಟರು. ಅಲ್ಲಾಡಿಸಿದರೆ ಬೂದಿ ಕೆಳಗೆ ಉದುರಿ ಕೆಂಡ ಸಲಿಕೆಯಲ್ಲೇ ಉಳಿಯುತ್ತಿತ್ತು. ಅದನ್ನು ಒಲೆಯ ಮೂಲೆಗೆ ಹಾಕಿ ಬೂದಿ ಮುಚ್ಚಿಡುತ್ತಿದ್ದೆ. ಮುದುಕಿ ಮತ್ತೆ ಮುಂಬಾಗಿಲಿನಿಂದ ಬರತೊಡಗಿದಳು. ಆದರೆ ಕೆಂಡ ಕೊಡುವ ಕೆಲಸವನ್ನು ಅತ್ತೆ ನನ್ನಿಂದ ತೆಗೆದುಕೊಂಡರು. ತಾವೇ ಇಕ್ಕಳದಿಂದ ಎತ್ತಿಕೊಟ್ಟು, ಅವಳು ಹೊಸಿಲು ದಾಟುವವರೆಗೂ ನಿಂತು ನೋಡುತ್ತಿದ್ದರು.

ನನಗೆ ಹೆಣ್ಣುಮಗು ಹುಟ್ಟಿತು. ಮುದುಕಿ ಹಳೆಯ ಸೀರೆಯ ಚೂರುಗಳನ್ನು ಸೇರಿಸಿ ಹೊಲಿದ ಅಂಗೈಯಗಲದ ಚೌಕಗಳ ಕೌದಿ ತಂದಳು. ಅವಳು ಹೋದ ಮೇಲೆ ಅತ್ತೆ ಅದನ್ನು ಬೆಳಕಿಗೆ ಒಯ್ದು, ಒಂದು ಮೂಲೆಯ ಹೊಲಿಗೆ ಬಿಚ್ಚಿ, ಒಳಗೆ ಬೆರಳಾಡಿಸಿ ನೋಡಿದರು. ಅರಿವೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಮತ್ತೆ ಹೊಲಿದು ಮಗುವಿಗೆ ಹೊದಿಸಿದರು.

ಮುಂದೊಂದು ದಿನ ಮಗುವನ್ನು ನೋಡಲು ಬಂದ ಮುದುಕಿ ಕೌದಿಯ ಆ ಮೂಲೆಯನ್ನು ಬೆರಳಿಂದ ಸವರಿದಳು. ಅಲ್ಲಿ ದಾರದ ಬಣ್ಣವೇ ಬೇರೆಯಿತ್ತು.

"ಹೊಲಿಗಿ ಚಲೋ ಹಾಕೀಯವ್ವಾ," ಎಂದಳು ಅತ್ತೆಗೆ.

ಅತ್ತೆ ಮಗುವಿನ ಕುಲಾವಿ ಸರಿಮಾಡುತ್ತ ಕೂತರು.